ಅಣ್ಣ ತಂಗಿಯ ನಡುವಿನ ಡ್ರೈವು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಶ್ರೀರಂಗಪಟ್ಟಣ ಠಾಣೆಗೆ ಅಕ್ಕಸಾಲಿಗರ ಮನೆಯ ಅಣ್ಣ ತಂಗಿ ಬಂದರು. ತಂಗಿ ಹರ್ಷಿತ ವರ್ಷಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಬಿಡಿಸಿದ್ದ ಒಡವೆ ಡಿಸೈನುಗಳೆಲ್ಲ ಮಾಯವಾಗಿದ್ದವು. ಮುಂದಿನ ವಾರ ಪಾಂಡವಪುರದಲ್ಲಿ ಅವಳು ಸ್ವಂತ ಅಂಗಡಿ ತೆರೆಯಬೇಕಿತ್ತು. ಗಿರಾಕಿಗೆ ತೋರಿಸಲು ಈಗ ಒಂದು ಓಲೆಯ ಚಿತ್ರವೂ ಇರಲಿಲ್ಲ. ದೂರನ್ನು ಅಣ್ಣ ಮೋಹನ್ ಕುಮಾರನೇ ಬರೆದುಕೊಟ್ಟ.

"ಯಾರ ಮೇಲಾದ್ರೂ ಅನುಮಾನ ಅದಾ?" ಇನ್ಸ್‌ಪೆಕ್ಟರ್ ಚಲುವರಾಜು ಕೇಳಿದರು.

"ನಮ್ಮಂಗ್ಡಿ ಕೆಲ್ಸ ಬುಟ್ಟೋದ ಚೈತನ್ಯ ಇರ್ಬೇಕು ಸಾ," ಎಂದ ಮೋಹನ್.

ಎಫ್‌ಐಆರ್ ದಾಖಲಾಯಿತು. ಬೂಕನಕೆರೆಯಿಂದ ಚೈತನ್ಯನನ್ನು ಕರೆಸಿದರು. ಪಾಪ, ಅವನು ಆ ಕಂಪ್ಯೂಟರನ್ನು ಮುಟ್ಟಿದವನೇ ಅಲ್ಲ, ಪಾಸ್‌ವರ್ಡೂ ಗೊತ್ತಿರಲಿಲ್ಲ. ಮಧ್ಯಾಹ್ನ ಪಂಚರೊಂದಿಗೆ ಮೋಹನನ ಅಂಗಡಿಗೆ ಹೋದ ಚಲುವರಾಜು ಕಂಪ್ಯೂಟರನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು.

"ಇದ್ರಲ್ಲಿ ಎರಡು ಸಿಸ್ಟಂ ಅವೆ ಸಾ," ಎಂದಳು ಹರ್ಷಿತ. "ನಂದು ವಿಂಡೋಸು, ಅಣ್ಣಂದು ಲಿನಕ್ಸು. ಆನ್ ಮಾಡ್ದಾಗ ಯಾವ್ದು ಬೇಕೋ ಅದ್ನ ಒತ್ಬೇಕು. ನಡುವೆ ಒಂದು ಡ್ರೈವು, ಎರಡರಿಂದ್ಲೂ ತೆಗೀಬೌದು. ಫೈಲೆಲ್ಲಾ ಅದ್ರಲ್ಲೇ ಇದ್ದೊ."

"ಅಳಿಸಿದ್ ಫೈಲ್ ಬೀಳೋ ಕಸದ ಬುಟ್ಟಿ ನೋಡ್ದೇನವ್ವ?"

"ಅಣ್ಣನೇ ತೆಗ್ದು ತೋರುಸ್ದ. ಖಾಲಿ."

"ಬೇರೆ ಕಾಪಿ?"

"ಅಣ್ಣನ ತಾವಿತ್ತು. ಪೆನ್‌ಡ್ರೈವು ಕೆಟ್ಟೋಯ್ತಂತೆ."

ಎಲ್ಲದಕ್ಕೂ ಅಣ್ಣನೇ. ಚಲುವರಾಜು ಮೋಹನನ ಮುಖ ನೋಡಿದರು.

ನಾಲ್ಕು ದಿನಕ್ಕೆ ಸೈಬರ್ ವಿಭಾಗದ ರಂಜಿತ ವರದಿ ತಂದರು. ಲಿನಕ್ಸಿನಿಂದ ಅಳಿಸಿದ ಫೈಲು ವಿಂಡೋಸಿನ ಬುಟ್ಟಿಗೆ ಬೀಳುವುದಿಲ್ಲ. ಅದೇ ಡ್ರೈವಿನಲ್ಲಿ ಚುಕ್ಕೆಯಿಂದ ಶುರುವಾಗುವ ವಿಚಿತ್ರ ಹೆಸರಿನ ಫೋಲ್ಡರಿಗೆ ಹೋಗುತ್ತದೆ. ಯಾರೂ ತೆರೆದು ನೋಡುವಂಥ ಹೆಸರಲ್ಲ. ಡಿಸೈನುಗಳೆಲ್ಲ ಅಲ್ಲೇ ಹಾಯಾಗಿ ಕೂತಿದ್ದವು.

ಮೋಹನನನ್ನು ಕರೆಸಿದರು.

"ಲಿನಕ್ಸಿನ ಪಾಸ್‌ವರ್ಡು ಯಾರ್ಯಾರಿಗೆ ಗೊತ್ತು?"

"ನಂಗೊಬ್ಬಂಗೇ ಸಾ."

"ಅಂಗಾದ್ರೆ ಅಳಿಸ್ದೋನು ಯಾರ್ಲಾ?"

"ನಾನೇ ಸಾ," ಎಂದ ಮೋಹನ್.

"ಪೂರ್ತಿ ಯಾಕೆ ಅಳಿಸ್ನಿಲ್ಲ?"

"ಕೈ ಬರ್ನಿಲ್ಲ ಸಾ. ಅವ್ಳು ಅಂಗ್ಡಿ ಬ್ಯಾಡ ಅಂತ ಇಲ್ಲೇ ಉಳ್ಕಂಡ್ರೆ ವಾಪಸ್ ಮಡಗ್ಮ ಅಂತಿದ್ದೆ."

ಅವಳಿಗೆ ಕೆಲಸ ಕಲಿಸಿದವನು ಅವನೇ. ಈಚೆಗೆ ಗಿರಾಕಿಗಳು ಬಾಗಿಲಲ್ಲೇ ನಿಂತು 'ನಿನ್ ತಂಗಿ ಇಲ್ವಾ?' ಎಂದು ಕೇಳಿ ಹಿಂತಿರುಗುತ್ತಿದ್ದರು. ಅವಳು ಹೋದರೆ ಖಾಲಿ ಅಂಗಡಿಯಲ್ಲಿ ಒಬ್ಬನೇ ಕೂರಬೇಕೆಂಬ ಭಯ ಅವನನ್ನು ಹಿಡಿದಿತ್ತು. ಭಯ ನಿಜವೇ. ಆದರೆ ಅಳುತ್ತಿದ್ದ ತಂಗಿಯ ಪಕ್ಕ ಕೂತು ತಾನೂ ಹುಡುಕಿದಂತೆ ನಟಿಸಿದನಲ್ಲ, ಅದನ್ನು ಕ್ಷಮಿಸುವುದು ಕಷ್ಟ.

ಸಂಜೆ ಬಂಧನದ ಸುದ್ದಿ ತಿಳಿದು ಹರ್ಷಿತ ಠಾಣೆಗೆ ಬಂದಳು. ಫೈಲುಗಳೆಲ್ಲ ಸಿಕ್ಕಿವೆ ಎಂದರೂ ಮುಖ ಅರಳಲಿಲ್ಲ.

"ಓಗ್ಬ್ಯಾಡ ಕಣವ್ವ ಅಂತ ಒಂದ್ಮಾತು ಅಂದಿದ್ರೆ ಉಳ್ಕತಿದ್ನಲ್ಲೋ ಅಣ್ಣ," ಎಂದಳು.

ಮೋಹನ್ ಮುಖ ಮುಚ್ಚಿಕೊಂಡ. ದೂರು ಹಿಂತೆಗೆದುಕೊಳ್ಳುವ ಮಾತನ್ನು ಅವಳು ಎತ್ತಲಿಲ್ಲ.