ಹನ್ನೊಂದನೆಯ ಪುರಾವೆ

ಗುರುವಾರ ಬೆಳಿಗ್ಗೆ 9.10ಕ್ಕೆ ತೈನಾನ್ ನಗರದ ಪೇಟೆ ಪೊಲೀಸ್ ಠಾಣೆಗೆ ದೂರು ಬಂತು. ಏಳು ಪುಟ, ಹನ್ನೊಂದು ಪುರಾವೆ, ಇಪ್ಪತ್ಮೂರು ಸಹಿ! ಬರೆದವರು ಪ್ರಬಂಧ ಕಲಿಸಿ ನಿವೃತ್ತರಾದ ಕೋ ಮೇಷ್ಟ್ರು. ಶನಿವಾರದ ಪ್ರದರ್ಶನಕ್ಕೆಂದು ಬಡಾವಣೆಯವರೆಲ್ಲ ಸೇರಿ ಬೆಳೆಸಿದ ಆರ್ಕಿಡ್ ಕುಂಡ ಸಮುದಾಯ ಭವನದಿಂದ ಕಳುವಾಗಿದೆ. ಕದ್ದವಳು ಮೊಟ್ಟೆ ದೋಸೆ ಮಾರುವ ಆ-ಶಿಯಾ ಎಂಬುದು ದೂರಿನ ಸಾರ.

ಎಫ್‌ಐಆರ್ ಆದರೆ ಸಂಜೆ ನಾಲ್ಕಕ್ಕೆ ಸೇರುವ ಮಾರುಕಟ್ಟೆ ಸಮಿತಿ ಅವಳ ಅಂಗಡಿ ಜಾಗ ಕಿತ್ತುಕೊಳ್ಳುವುದು ಖಂಡಿತವಾಗಿತ್ತು.

ಕಾನ್‌ಸ್ಟೆಬಲ್ ಪಂಗ್ ದೂರನ್ನು ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡ. "ಏನ್ ಬರೆದಿದ್ದಾರೆ ಮೇಡಂ! ಈಗ್ಲೇ ಹೋಗಿ ಅವಳನ್ನ ಹಿಡ್ಕೊಂಡು ಬರೋಣ ಅನ್ನಿಸ್ತು."

"ಕಳ್ಳತನಕ್ಕೆ ಸಂಬಂಧಪಟ್ಟಿದ್ದು ಅದ್ರಲ್ಲಿ ಏನಿದೆ? ಒಂದೊಂದೇ ಹೇಳು," ಎಂದರು ಇನ್ಸ್‌ಪೆಕ್ಟರ್ ತು ಶೂ-ಹ್ವಾ.

"ಅವಳು ಬೇರೆ ಊರಿನೋಳು."

"ನೀನೂ ಬೇರೆ ಊರಿನೋನೇ. ಕುಂಡ ನೀನು ಕದ್ದೆಯಾ? ಆ ಸಾಲು ಹೊಡೆದು ಹಾಕು."

"ಬಾಯಿ ಜೋರು."

"ಅದು ನಿಜ, ನಂಗೂ ಬೈದಿದ್ದಾಳೆ. ಬಾಯಿಗೂ ಕುಂಡಕ್ಕೂ ಏನಯ್ಯಾ ಸಂಬಂಧ?"

"ಇಪ್ಪತ್ಮೂರು ಜನ ಸಹಿ ಹಾಕಿದ್ದಾರಲ್ಲ!"

"ಕಣ್ಣಾರೆ ನೋಡಿದೋರು ಎಷ್ಟು ಜನ? ಫೋನ್ ಮಾಡಿ ಕೇಳು."

10.30ಕ್ಕೆ ಉತ್ತರ ಸಿಕ್ಕಿತು. ಒಬ್ಬರೂ ಇಲ್ಲ. ಬೆಳ್ಳಂಬೆಳಿಗ್ಗೆ ಮೇಷ್ಟ್ರು ಅನಾನಸ್ ಕೇಕಿನ ಡಬ್ಬಿ ಹಿಡಿದು ಮನೆಮನೆಗೂ ಹೋಗಿದ್ದರು. ಕೇಕು ತಿಂದ ಮೇಲೆ ಇಲ್ಲವೆನ್ನುವುದು ಹೇಗೆಂದು ಎಲ್ಲರೂ ಓದದೆಯೇ ಸಹಿ ಗೀಚಿದ್ದರು.

ಮಿಕ್ಕವೂ ಇಂಥವೇ ಆಗಿದ್ದು, ಹೀಗೆ ಹತ್ತು ಪುರಾವೆ ಬಿದ್ದುಹೋದವು. ಉಳಿದದ್ದು ಹನ್ನೊಂದನೆಯದು: ಬುಧವಾರ ಸಂಜೆ ಏಳಕ್ಕೆ ಕಸದ ಗಾಡಿಯ ಹಾಡು ಕೇಳಿ ಬೀದಿಯವರೆಲ್ಲ ಚೀಲ ಹಿಡಿದು ಓಡಿಬಂದರು, ಆ-ಶಿಯಾ ಮಾತ್ರ ಬರಲಿಲ್ಲ, ಕುಂಡ ಮಾಯವಾದದ್ದು ಆಗಲೇ.

"ಇದು ಸಂಬಂಧಪಟ್ಟಿದ್ದೇ. ನಿಜವಾಗಿದ್ರೆ ಗಟ್ಟಿ ಪುರಾವೆ," ಎಂದು ತು ಆ ಸಾಲನ್ನು ಮತ್ತೊಮ್ಮೆ ಓದಿದರು. "ಲೋ ಪಂಗ್, ನಿನ್ನೆ ನಿಮ್ಮನೇಲಿ ಕಸ ಹಾಕಿದ್ರಾ?"

"ಎಲ್ಲಿ ಮೇಡಂ, ಬುಧವಾರ ಗಾಡಿಗೆ ರಜ. ಮನೆಯೆಲ್ಲ ಮೀನಿನ ವಾಸನೆ... ಅಯ್ಯಯ್ಯೋ!"

11.40ಕ್ಕೆ ಭವನದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಇದ್ದ ಒಂದೇ ಕೀಲಿ ಮೇಷ್ಟ್ರ ಬಳಿಯಿತ್ತು. ಕುಂಡವಿಟ್ಟಿದ್ದ ಹಲಗೆ ನೀರು ಕುಡಿದು ಉಬ್ಬಿತ್ತು. ಅಲ್ಲಿಂದ ತು ನೇರವಾಗಿ ಆ-ಶಿಯಾಳ ಅಂಗಡಿಗೆ ಹೋದರು.

"ಮೇಷ್ಟ್ರಿಗೂ ನಿಂಗೂ ಜಗಳವೇನಮ್ಮ?"

"ಜಗಳ ಯಾಕೆ? ಹೋದ ವಾರ ಎಲ್ಲರೆದುರಿಗೇ ಹೇಳ್ದೆ, ಅಷ್ಟೊಂದು ನೀರು ಹುಯ್ಯಬೇಡಿ, ಬೇರು ಕೊಳೆಯುತ್ತೆ ಅಂತ. ಮುಖ ಊದಿಸ್ಕೊಂಡು ಹೋದ್ರು." ಅವಳು ದೋಸೆ ಹೆಂಚಿನ ಉರಿ ಆರಿಸಿದಳು. "ನನ್ನ ಜಾಗ ಹೋಗುತ್ತಾ ಮೇಡಂ? ಹದಿನೆಂಟು ವರ್ಷ ಆಯ್ತು ಇಲ್ಲಿ."

1.15ಕ್ಕೆ ಮೇಷ್ಟ್ರ ಮನೆಯ ತಾರಸಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಹಿಂದೆ ಕುಂಡ ಸಿಕ್ಕಿತು. ಬೇರುಗಳು ಕೊಳೆತು ಕಪ್ಪಾಗಿದ್ದವು.

ತು ಕುಂಡದೊಳಗೆ ಬೆರಳಿಟ್ಟು ನೋಡಿದರು. "ಇವತ್ತೂ ನೀರು ಹಾಕಿದ್ರಾ ಮೇಷ್ಟ್ರೇ?"

"ಚಿಗುರುತ್ತೇನೋ ಅಂತ..." ಎಂದರು ಮೇಷ್ಟ್ರು.

ಪಂಗ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ.

1.30ಕ್ಕೆ ಸುಳ್ಳು ದೂರು ಕೊಟ್ಟಿದ್ದಕ್ಕೆ ಮೇಷ್ಟ್ರ ಬಂಧನವಾಯಿತು. ಕೋಳ ಹಾಕಲಿಲ್ಲ. ಹೇಳಿಕೆ ಬರೆಯಲು ಎಷ್ಟು ಹಾಳೆ ಬೇಕೆಂದು ಪಂಗ್ ಕೇಳಿದಾಗ ಮೇಷ್ಟ್ರು ಒಂದೇ ಸಾಕೆಂದರು.

3.50ಕ್ಕೆ ಪಂಗ್ ಆ ಹೇಳಿಕೆಯ ಪ್ರತಿ ಹಿಡಿದು ಸಮಿತಿ ಕಚೇರಿಗೆ ಓಡಿದ. ಆ-ಶಿಯಾ ಬಾಗಿಲಲ್ಲೇ ನಿಂತಿದ್ದಳು. ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಓದಿದರು:

"ನೀರು ಹೆಚ್ಚು ಹಾಕಿದೆ. ಗಿಡ ಸತ್ತಿತು. ಆ-ಶಿಯಾ ಹೇಳಿದ್ದೇ ಸರಿ. ಮೂವತ್ತು ವರ್ಷ ಎಲ್ಲರ ತಪ್ಪು ತಿದ್ದಿದವನಿಗೆ ಅಷ್ಟು ಒಪ್ಪಿಕೊಳ್ಳಲು ಆಗಲಿಲ್ಲ."

ಯಾರೂ ಪುರಾವೆ ಕೇಳಲಿಲ್ಲ. ಆ-ಶಿಯಾಳ ಜಾಗ ಉಳಿಯಿತು. ಅವಳು ಮುಂಗೈಯಲ್ಲೇ ಮುಖ ಒರೆಸಿಕೊಂಡು ಬೈಯತೊಡಗಿದಳು:

"ಪೆದ್ದು ಮೇಷ್ಟ್ರು! ಇಷ್ಟನ್ನ ಅವತ್ತೇ ನಂಗೆ ಹೇಳಿದ್ರೆ ಕೊಳೆತ ಬೇರು ಕತ್ತರಿಸಿ ಗಿಡ ಉಳಿಸಿಕೊಡ್ತಿದ್ನಲ್ಲ."