ಇಲ್ಲದ ಶಾಲೆಯ ಟ್ರಿಪ್

ಚಾಕುವಿನ ತುದಿ ನನ್ನ ಪಕ್ಕೆಲುಬಿಗೆ ತಾಗಿತ್ತು.

"ನಗು ಬೇ," ಎಂದ ವೀರೇಂದ್ರ, ಹಲ್ಲು ಕಚ್ಚಿ. "ಟೀಚರ್ ಅಂತ ಹೇಳಿ ಬಸ್ ಹತ್ತೀಯಲ್ಲ? ಟೀಚರ್ ನಗ್ತಾರಲ್ಲ, ಹಂಗ ನಗು!"

ನಕ್ಕೆ.

ಮಿನಿ ಬಸ್ಸು ಸಿಂಧನೂರು ಬಿಟ್ಟು ಮಸ್ಕಿ ರೋಡಿನಲ್ಲಿ ಓಡುತ್ತಿತ್ತು. ಹಿಂದಿನ ಸೀಟುಗಳ ತುಂಬ ಮಕ್ಕಳು. ಎಲ್ಲರಿಗೂ ಹೊಸ ನೀಲಿ ಯೂನಿಫಾರ್ಮ್. ಬಸ್ಸಿನ ಹಣೆಯ ಮೇಲೆ ಉದ್ದನೆಯ ಫ್ಲೆಕ್ಸ್: 'ಶೈಕ್ಷಣಿಕ ಪ್ರವಾಸ, ಮಸ್ಕಿ ಅಶೋಕ ಶಾಸನ.' ಎದುರು ಬಂದ ಬೈಕಿನವರು ಮಕ್ಕಳಿಗೆ ಟಾಟಾ ಮಾಡುತ್ತಿದ್ದರು.

ಮಕ್ಕಳನ್ನು ಮಾರಲು ಒಯ್ಯುವ ಬಸ್ಸಿಗೆ ಟಾಟಾ!

ನಾನು ಶಾಹೀನ್. ಬಿ.ಎ. ಫಸ್ಟ್ ಇಯರ್. ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ಸೈಡ್ ಬಿಸಿನೆಸ್. ಮೊಬೈಲು, ಬೈಕು, ಎಮ್ಮೆ... ಒಮ್ಮೆ ನಿಕಾಹದ ದಿನವೇ ಓಡಿಹೋದ ಮದುಮಗನನ್ನೂ ಹಿಡಿದು ತಂದಿದ್ದೇನೆ. ಅವನು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಹಿಂದಿನ ದಿನ ದಢೇಸುಗೂರಿನಿಂದ ಕಸ್ತೂರೆಮ್ಮ ಎಂಬ ಮುದುಕಿ ಬಂದಿದ್ದಳು. ಅವಳ ಮೊಮ್ಮಗಳು ಅಮೂಲ್ಯಾ, ವಯಸ್ಸು ಹನ್ನೆರಡು. ಯಾರೋ 'ಸರ್' ಫ್ರೀ ಕಂಪ್ಯೂಟರ್ ಶಿಬಿರಕ್ಕೆ ಕರೆದೊಯ್ಯುತ್ತಾನಂತೆ.

"ಹೋಗ್ಲಿ ಬಿಡವ್ವ, ಕಲೀತಾಳ," ಎಂದಿದ್ದೆ.

"ಕಲೀಲಿ ಯವ್ವಾ. ಆದ್ರ ತಿಂಗಳಗಟ್ಲೆ ಫೋನ್ ಮಾಡಬ್ಯಾಡ್ರಿ ಅಂತಾನ. ಎಲ್ಲಿ ಶಿಬಿರ ಅಂದ್ರ, ದೂರ ಅಂತಾನ. ನನ್ನ ಎದಿ ಢವಢವ ಅನ್ನಾಕತ್ತೈತಿ."

ಯೂನಿಫಾರ್ಮ್ ಹೊಲಿಯಲು ಕೊಟ್ಟವನೂ ಅವನೇ. ಕೊಟ್ಟದ್ದು ನಮ್ಮ ಅಮ್ಮಿ ಪೀರ್‌ಬೀಯ ಟೇಲರ್ ಅಂಗಡಿಗೇ! ಅಮ್ಮಿ ಅಳತೆ ಕೇಳಿದರೆ, "ಸಣ್ಣದು, ದೊಡ್ಡದು ಕಲೆಸಿ ಹೊಲೀರಿ, ಯಾರಿಗಾರ ಬರ್ತೈತಿ" ಎಂದಿದ್ದನಂತೆ.

ಯಾವ ಮೇಷ್ಟ್ರು ಹಾಗನ್ನುತ್ತಾನೆ, ಹೇಳಿ?

ಬೆಳಿಗ್ಗೆ ಉಳಿದ ಎರಡು ಜೊತೆ ಬಟ್ಟೆ ಕೊಡುವ ನೆಪದಲ್ಲಿ ಬಸ್ಸಿನ ಹತ್ತಿರ ಹೋದೆ. "ಹುಡುಗೀರ ಜೊತಿ ಹೆಣ್ಣು ಟೀಚರ್ ಇರ್ಬೇಕಂತ ಸರ್ ಕಳಿಸ್ಯಾರ," ಎಂದೆ. ಡ್ರೈವರ್ ಆದೆಪ್ಪ, ಬಾಡಿಗೆ ಬಸ್ಸಿನ ಪಾಪದ ಮನುಷ್ಯ. "ಬರ್ರಿ ಟೀಚರ್ರ" ಎಂದು ಸೀಟು ಒರೆಸಿಕೊಟ್ಟ.

ಕೂತವಳೇ 1098ಕ್ಕೆ ಫೋನ್ ಮಾಡಿದೆ. ಮಕ್ಕಳ ಸಹಾಯವಾಣಿ. ಎಲ್ಲ ಹೇಳಿದೆ. "ಗಾಡಿ ನಂಬರ್ ಹೇಳಿ, ಮೇಡಂ" ಎಂದರು.

ನಂಬರ್ ನೋಡಲು ಕಿಟಕಿಯಿಂದ ಬಗ್ಗಿದೆ... ಆ 'ಸರ್' ವೀರೇಂದ್ರ ಹತ್ತಿದ... ಟೇಲರ್ ಮಗಳ ಗುರುತು ಹಿಡಿದ!

ಕಾಲುವೆ ಸೇತುವೆ ಬಂದಾಗ ನನ್ನ ಮೊಬೈಲನ್ನು ಕಿತ್ತು ನೀರಿಗೆ ಎಸೆದ.

"ಎಲ್ಲಿಗೆ ಒಯ್ಯಾಕತ್ತಿ?" ಪಿಸುಗುಟ್ಟಿದೆ.

"ಸಮುದ್ರದ ದಂಡಿಗೆ. ಸಿಗಡಿ ಫ್ಯಾಕ್ಟರಿ ಐತಿ. ಸುಲಿಯಾಕ ಸಣ್ಣ ಕೈ ಬೇಕು. ಲಿಂಗಸುಗೂರಾಗ ಬ್ಯಾರೆ ಗಾಡಿ ಕಾಯಾಕತ್ತೈತಿ."

"ನಾನು?"

"ನಿನ್ನ ನಡುವ ಎಲ್ಲ್ಯಾರ ಇಳಸ್ತೀನಿ. ಉಸುರು ಇದ್ರೂ ಇರಬಹುದು."

ಸುಳ್ಳು ಹೇಳಲ್ಲ, ಹೆದರಿದೆ! ಆದರೆ ಹೆದರಿದಾಗ ನನ್ನ ತಲೆ ಕೋತಿಯಂತೆ ಓಡುತ್ತದೆ. ಟೀಚರ್ ಆಗಿರು ಎಂದ ಅಲ್ಲವೇ? ಆಗೋಣ!

"ಮಕ್ಕಳಽ!" ಕೂಗಿದೆ. "ಎಲ್ಲಾರ ಹತ್ರ ನೀರಿನ ಬಾಟಲ್ ಐತಲ್ಲ? ಯಾರು ಮೊದಲು ಖಾಲಿ ಮಾಡ್ತೀರಿ ನೋಡೂಣು! ಒನ್... ಟೂ... ಥ್ರೀ!"

ಗಟಗಟ... ಗಟಗಟ...

ವೀರೇಂದ್ರ ಮೀಸೆಯಲ್ಲೇ ನಕ್ಕ. ಹುಡುಗಿ ದಾರಿಗೆ ಬಂದಳು ಅಂದುಕೊಂಡಿರಬೇಕು. ಪಾಪ!

ಮಸ್ಕಿ ಹತ್ತಿರ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ಕಿರುಬೆರಳು ಎದ್ದಿತು.

"ಟೀಚರ್, ಒಂದಕ್ಕ!"

ಇನ್ನೊಂದು. ಮತ್ತೊಂದು. ಬಸ್ಸಿನ ತುಂಬ ಕಿರುಬೆರಳು!

"ತಡಕೋರಿ!" ಗದರಿದ ವೀರೇಂದ್ರ.

"ಆಗಂಗಿಲ್ರೀ ಸರ್!" ಎಂದಳು ಮುಂದಿನ ಸೀಟಿನ ಎರಡು ಜಡೆಯ ಹುಡುಗಿ. ಅವಳೇ ಅಮೂಲ್ಯಾ. ಅಜ್ಜಿ ತೋರಿಸಿದ ಫೋಟೋದಲ್ಲಿದ್ದ ಅದೇ ಗದ್ದ, ಅದೇ ಗತ್ತು.

ಆದೆಪ್ಪ ಹೌಹಾರಿದ. "ಸರ್ರ, ಹೊಸಾ ಸೀಟ್ ಕವರ್ ಹಾಕ್ಸೀನ್ರೀ! ಬೋರ್ಡಿನ್ಯಾಗ ಅಶೋಕ ಶಾಸನ ಅಂತ ನೀವ ಬರಸೀರಿ. ಅಲ್ಲೇ ನಿಲ್ಲಸ್ತೀನಿ!"

ವೀರೇಂದ್ರ ಬಾಯಿ ತೆರೆಯುವ ಮೊದಲೇ ಸ್ಟೀರಿಂಗ್ ತಿರುಗಿತ್ತು.

ಗುಡ್ಡದ ಬುಡದಲ್ಲಿ ನಿಜವಾದ ಶಾಲೆಯೊಂದರ ಟ್ರಿಪ್ ಬಂದಿತ್ತು. ಗಿಜಿಗಿಜಿ ಮಕ್ಕಳು. ಅವರ ನಡುವೆ ಕೊರಳಿಗೆ ಸೀಟಿ ಹಾಕಿಕೊಂಡ ದಪ್ಪನೆಯ ಟೀಚರ್. ಸುರೇಖಾ ಮೇಡಂ ಅಂತ ಮಕ್ಕಳೇ ಕೂಗುತ್ತಿದ್ದರು. ನಮ್ಮ ಮಕ್ಕಳು ಇಳಿದವರೇ ದಿಕ್ಕಾಪಾಲು. ವೀರೇಂದ್ರ ನನ್ನ ಬೆನ್ನಿಗೇ ಅಂಟಿದ್ದ. ಚಾಕು ಜೇಬಿನಲ್ಲಿ, ಕೈಯೂ ಜೇಬಿನಲ್ಲಿ.

ಜೋರಾಗಿ ಚಪ್ಪಾಳೆ ತಟ್ಟಿದೆ.

"ಮೇಡಂ! ಇವ್ರು ನಮ್ಮ ಹೆಡ್ ಮಾಸ್ತರ್ರು. ಶಾಸನದಾಗ ಡಾಕ್ಟರೇಟ್ ಮಾಡ್ಯಾರ! ನಿಮ್ಮ ಮಕ್ಕಳಿಗೂ ನಾಲ್ಕು ಮಾತು ಹೇಳ್ತಾರ!"

"ಅಯ್ಯ, ನಮ್ಮ ಪುಣ್ಯಾ ರೀ ಸರ್!" ಸುರೇಖಾ ಮೇಡಂ ಸೀಟಿ ಊದಿದರು. ಮಕ್ಕಳು ಸುತ್ತ ಕೂತರು. ಉಳಿದ ಟೀಚರುಗಳು ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದರು.

ವೀರೇಂದ್ರನ ಮುಖ ನೀವು ನೋಡಬೇಕಿತ್ತು!

"ಅಶೋಕ... ಅಂದ್ರ..." ಗಂಟಲು ಸರಿಮಾಡಿಕೊಂಡ. "ಗಿಡಾ ಹಚ್ಚಿದ. ರೋಡಿನ ಎರಡೂ ಬಾಜೂಕ."

"ಆಮ್ಯಾಲ ರೀ ಸರ್?"

"ಆಮ್ಯಾಲ... ನೀರು ಹಾಕಿದ!"

ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ನಾನು ಸುರೇಖಾ ಮೇಡಂ ಅವರ ಮೊಬೈಲ್ ಇಸಿದುಕೊಂಡು ಬಸ್ಸಿನ ನಂಬರ್ 1098ಕ್ಕೆ ಹೇಳಿಬಿಟ್ಟಿದ್ದೆ. ಮೇಡಂ ಕಿವಿಯಲ್ಲೂ ವಿಷಯ ಹಾಕಿದೆ. ಅವರ ಮುಖ ಕಪ್ಪಿಟ್ಟಿತು. ನಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಸಾಲಿಗೆ ಎಳೆದುಕೊಳ್ಳತೊಡಗಿದರು.

ವೀರೇಂದ್ರ ಅದನ್ನು ಕಂಡ.

ಕಂಡವನೇ ಪಕ್ಕದಲ್ಲಿದ್ದ ಅಮೂಲ್ಯಾಳನ್ನು ಕಂಕುಳಲ್ಲಿ ಅಮುಕಿ ಬಸ್ಸಿಗೆ ಓಡಿದ! ಆದೆಪ್ಪ ಚಹಾಕ್ಕೆ ಹೋಗಿದ್ದ. ಕೀ ಗಾಡಿಯಲ್ಲೇ ಇತ್ತು.

ಬಸ್ಸು ಹೊರಟಿತು. ನಾನು ಹಿಂದಿನ ಏಣಿಗೆ ಜೋತುಬಿದ್ದೆ.

ಲಿಂಗಸುಗೂರು ರೋಡು. ಗಾಳಿ. ಹೊಗೆ. ಒಂದು ಚಪ್ಪಲಿ ಹೋಯಿತು. ಕಣ್ಣು ಮುಚ್ಚಿ ಏಣಿ ಹತ್ತಿದೆ... ಟಾಪಿನ ಮೇಲೆ ತೆವಳಿದೆ... ಫ್ಲೆಕ್ಸಿನ ಹಗ್ಗಗಳನ್ನು ಹಲ್ಲಿನಿಂದ ಬಿಚ್ಚಿದೆ. ಮುಂದೆ ರೋಡ್ ಹಂಪ್. ಬಸ್ಸು ನಿಧಾನವಾಯಿತು.

ಇದೇ ಟೈಮ್!

"ತಂಗೀ! ಬಗ್ಗಿ ಕುಂದ್ರು!"

ಫ್ಲೆಕ್ಸನ್ನು ಮುಂದಿನ ಗಾಜಿನ ಮೇಲೆ ಇಳಿಬಿಟ್ಟೆ. ಗಾಳಿಯೇ ಅದನ್ನು ಗಾಜಿಗೆ ಅಂಟಿಸಿತು. ಬಸ್ಸು ಹಾವಿನಂತೆ ಹರಿದು ಹತ್ತಿ ಹೊಲಕ್ಕೆ ನುಗ್ಗಿತು. ಹಿಂದಿನ ದಿನದ ಮಳೆಗೆ ಎರೆಮಣ್ಣು ಅಂಟಂಟಾಗಿತ್ತು. ಗಾಲಿ ಹೂತವು. ನಾನು ಟಾಪಿನಿಂದ ನೇರ ಕೆಸರಿಗೆ!

ಎದ್ದು ನಿಂತಾಗ ಕುಡುಗೋಲು ಹಿಡಿದ ಹೆಂಗಸರು ಬದುವಿನಿಂದ ಓಡಿ ಬರುತ್ತಿದ್ದರು. ವೀರೇಂದ್ರ ಬಾಗಿಲಲ್ಲಿ ನಿಂತಿದ್ದ. ಚಾಕು ಎಲ್ಲೋ ಬಿದ್ದಿತ್ತು. ಇಸ್ತ್ರಿ ಅಂಗಿ ಮಾತ್ರ ಇನ್ನೂ ಗರಿಗರಿ. ನನ್ನತ್ತ ಬೆರಳು ಮಾಡಿ ಅರಚಿದ.

"ಹಿಡೀರಿ ಆಕೀನ! ಮಕ್ಕಳ ಕಳ್ಳಿ! ನಾ ಹೆಡ್ ಮಾಸ್ತರ್ ಅದೀನಿ!"

ಹೆಂಗಸರು ನನ್ನನ್ನು ಸುತ್ತುವರಿದರು. ಮೈತುಂಬ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ. ನಾನೇ ನನ್ನನ್ನು ನಂಬುತ್ತಿರಲಿಲ್ಲ! ಒಬ್ಬಳು ನನ್ನ ಜಡೆಗೆ ಕೈ ಹಾಕಿದಳು...

"ಬಿಡ್ರಿ ಅಕ್ಕನ್ನ!"

ಅಮೂಲ್ಯಾ. ಹಣೆಯಲ್ಲಿ ಬುಗುಟು ಎದ್ದಿತ್ತು. ಆದರೂ ಬಸ್ಸಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹೆಡ್ ಮಾಸ್ತರ್ ಅದೀರಲ್ರೀ ಸರ್? ನನ್ನ ಹೆಸರು ಹೇಳ್ರಿ."

ಹೆಂಗಸರೆಲ್ಲ ಅವನತ್ತ ತಿರುಗಿದರು.

"ಆಂ... ಗೌರಿ," ಎಂದ ವೀರೇಂದ್ರ.

"ಗೌರಿ ನಮ್ಮ ಎಮ್ಮಿ ಹೆಸರು!"

ಆಮೇಲೆ ಏನಾಯಿತು ಅಂತ ಬಿಡಿಸಿ ಹೇಳಬೇಕೇ? ಓಡಿದ. ಎರೆಮಣ್ಣು ಮೊದಲು ಅವನ ಬಲಗಾಲಿನ ಬೂಟು ಕಿತ್ತುಕೊಂಡಿತು, ಆಮೇಲೆ ಎಡಗಾಲಿನದು. ಮೊಣಕಾಲಿನವರೆಗೆ ಹೂತು ನಿಂತ. ಹೊಡೆಯಲು ಹೋದ ಹೆಂಗಸರನ್ನು ನಾನೇ ತಡೆದೆ. ಅವನು ಮಾತಾಡುವುದು ಬೇಕಿತ್ತು. ಬದುವಿನ ಮೇಲೆ ಅವರು ಕುಳಿತು ಕಾವಲು ಕಾದರು. ಲಿಂಗಸುಗೂರಿನಿಂದ ಪೊಲೀಸ್ ಜೀಪು ಬರುವವರೆಗೂ ಅವನು ನೆಟ್ಟ ಕಂಬದ ಹಾಗೇ ಇದ್ದ.

ಲಿಂಗಸುಗೂರಿನಲ್ಲಿ ಕಾಯುತ್ತಿದ್ದ ಇನ್ನೊಂದು ಗಾಡಿಯೂ ಸಿಕ್ಕಿತು. ಕಸ್ತೂರೆಮ್ಮ ಬಂದು ಮೊಮ್ಮಗಳನ್ನು ಅಪ್ಪಿಕೊಂಡಳು, ಬೈದಳು, ಮತ್ತೆ ಅಪ್ಪಿಕೊಂಡಳು. ನನಗೆ ಮಾತ್ರ ನಗು ಬರಲಿಲ್ಲ. ಬೇಸಿಗೆಯಲ್ಲಿ ಇದಕ್ಕೂ ಮೊದಲು ಒಂದು ಬಸ್ಸು ಹೋಗಿತ್ತಂತೆ. ಆ ಮಕ್ಕಳು ಇನ್ನೂ ಸಿಗಡಿ ಫ್ಯಾಕ್ಟರಿಯಲ್ಲೇ ಇದ್ದರು; ಅದು ಎಲ್ಲಿದೆ ಅಂತ ವೀರೇಂದ್ರನೇ ಬಾಯಿ ಬಿಡಬೇಕಿತ್ತು.

ಸ್ಟೇಷನ್ನಿನಲ್ಲಿ ವೀರೇಂದ್ರ ತುಟಿ ಬಿಚ್ಚಲಿಲ್ಲ.

"ನಮ್ಮ ಮಾಲಕ್ ಭಾಳ ದೊಡ್ಡಾಂವ," ಎಂದಷ್ಟೇ ಗುರುಗುಟ್ಟಿದ. "ಒಂದ್ ಫೋನ್ ಹಚ್ಚಿದ್ರ ಸಾಕು, ನಾ ಹೊರಗ!"

"ಹಚ್ಚು ಮತ್ತ," ಎಂದರು ಇನ್‌ಸ್ಪೆಕ್ಟರ್. ಸ್ಪೀಕರ್ ಆನ್ ಮಾಡಿ ಮೇಜಿನ ಮೇಲಿಟ್ಟರು. ಸ್ಟೇಟ್‌ಮೆಂಟ್ ಕೊಡಲು ಕೂತಿದ್ದ ನಾನೂ ಕಿವಿ ನಿಮಿರಿಸಿದೆ.

"ಮಾಲಕ್, ನಾನ್ರೀ... ವೀರೇಂದ್ರ. ಪೊಲೀಸ್ರು ಹಿಡದಾರ..."

"ಯಾವ ವೀರೇಂದ್ರ? ರಾಂಗ್ ನಂಬರ್!"

ಕಟ್.

ವೀರೇಂದ್ರ ಫೋನನ್ನು ಮೇಜಿನ ಆ ಬದಿಗೆ ತಳ್ಳಿದ.

"ಸಾಹೇಬ್ರ, ಒಂದ್ ಚಹಾ ತರಸ್ರಿ. ಹೇಳೂದು ಭಾಳ ಐತಿ."

ಆ ಚಹಾಕ್ಕೆ ನಾನೇ ಓಡಿದೆ... ಸಕ್ಕರೆಯನ್ನೂ ಜಾಸ್ತಿ ಹಾಕಿಸಿದೆ!