ಹಿಂಡಿ ಗಾಡಿಯ ಅಧ್ಯಾಯಗಳು

“ಪಾಸ್ಟರ್, ಆ ಬೈಬಲ್ ಈ ಕಡೆ ಕೊಡಿಸ್ರಿ. ಇವ್ರು ಒಂದು ವಚನ ಮುಗ್ಸೋ ಅಷ್ಟರಾಗೆ ಯೇಸುಸ್ವಾಮಿ ಎರಡನೇ ಸಲ ಬಂದು ನಮ್ಮನ್ನೆಲ್ಲಾ ಕರ್ಕಂಡು ಹೋಗಿರ್ತಾನೆ.”

ನಿರ್ಮಲಾ ಹೀಗೆಂದಾಗ ಅವಳ ಮನೆಯ ಪಡಸಾಲೆಯ ತುಂಬ ಜನರಿದ್ದರು. ಮೊಳಕಾಲ್ಮೂರಿನಲ್ಲಿ ಶುಕ್ರವಾರದ ಮನೆ ಪ್ರಾರ್ಥನೆ. ಚಾಪೆಯ ಮೇಲೆ ಸುತ್ತ ಕೂತವರು ತಲಾ ಒಂದು ವಚನ ಓದಿ ಪುಸ್ತಕವನ್ನು ಪಕ್ಕದವರಿಗೆ ದಾಟಿಸುವುದು ರೂಢಿ. ನನ್ನ ಸರದಿಯಲ್ಲಿ ಪುಸ್ತಕ ನಿಂತುಬಿಟ್ಟಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಒತ್ತಕ್ಷರ ಕಂಡರೆ ನಾಲಿಗೆ ಬ್ರೇಕ್ ಹಾಕುತ್ತದೆ.

ಎಲ್ಲರೂ ನಕ್ಕರು. ಪಾಸ್ಟರು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ನನ್ನ ಅವ್ವ ಕೂಡ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿರ್ಮಲಾ ಮಾತ್ರ ನಗದೆ, ಒಂದು ಹುಬ್ಬು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು. ಆ ಹುಬ್ಬು ಅಷ್ಟು ಚೆನ್ನಾಗಿರಬಾರದಿತ್ತು. ಅದಕ್ಕೇ ನನ್ನ ಕೋಪ ಇಮ್ಮಡಿಯಾಯಿತು.

ಆ ತಿಂಗಳು ಪಾಸ್ಟರು ವಾಟ್ಸಾಪ್ ಗ್ರೂಪ್ ಮಾಡಿದ್ದರು. ದಿನಕ್ಕೊಂದು ಅಧ್ಯಾಯ ಓದಬೇಕು, ಓದಿದವರು ಕೈ ಮುಗಿದ ಗುರುತು ಹಾಕಬೇಕು. ಬೆಳಕು ಹರಿಯುವ ಮೊದಲೇ ಗುರುತುಗಳು ಸಾಲುಗಟ್ಟುತ್ತಿದ್ದವು. ಹಾಸಿಗೆಯಿಂದ ಏಳದವರೂ ಹಾಕುತ್ತಿದ್ದರು. ಮೈ ಉರಿಯಿತು. ಕಳ್ಳ ಗುರುತು ನನಗೆ ಬೇಡ. ನಾನು ಓದಿದ್ದು ಅವಳಿಗೆ ಕೇಳಿಸಬೇಕು, ಕಿವಿ ತೂತಾಗುವ ಹಾಗೆ.

ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ದನಗಳಿಗೆ ತಿನ್ನಿಸುವ ಶೇಂಗಾ ಹಿಂಡಿಯನ್ನು ಲಗೇಜ್ ಆಟೊದಲ್ಲಿ ಹಳ್ಳಿಗಳಿಗೆ ಸಾಗಿಸುವುದು ನನ್ನ ಕೆಲಸ. ಬೆಳಿಗ್ಗೆ ಹಮಾಲರು ಚೀಲ ಹೇರುವವರೆಗೆ ಸುಮ್ಮನೆ ಕೂರಬೇಕು. ಕ್ಯಾಬಿನ್‌ನಲ್ಲಿ ಕೂತು, ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆಗೆದು, ಮೊಬೈಲಿನ ಮೈಕ್ ಗುರುತನ್ನು ಒತ್ತಿ ಹಿಡಿದು, ಜೋರಾಗಿ ಓದಿ ಗ್ರೂಪಿಗೆ ಕಳಿಸಿದೆ. ಹಿಂದೆ ಮಿಷನ್ ಸದ್ದು, ನಡುವೆ ಹಮಾಲಿ ಬೋರಣ್ಣನ ಕೂಗು, ಎಲ್ಲವೂ ಸೇರಿಯೇ ಹೋಯಿತು. ಮರುದಿನವೂ ಕಳಿಸಿದೆ. ಅದರ ಮರುದಿನವೂ.

ಆಮೇಲೊಂದು ದಿನ ನಿರ್ಮಲಾಳಿಂದ ನನ್ನೊಬ್ಬನಿಗೇ ಮೆಸೇಜ್ ಬಂತು.

“ಆದಿಕಾಂಡದಾಗೆ ಬೋರಣ್ಣ ಅನ್ನೋರು ಎಲ್ಲಿ ಬರ್ತಾರೆ?”

“ಕೇಳಾಕೆ ಇಷ್ಟ ಇಲ್ದಿದ್ರೆ ಬಿಡ್ರಿ.”

“ನಾನೆಲ್ಲಿ ಕೇಳ್ತೀನಿ? ನಮ್ಮಜ್ಜಿ ಕೇಳೋದು. ಅವ್ರಿಗೆ ಕಣ್ಣು ಕಾಣಲ್ಲ.”

ಅಜ್ಜಿಗೆಂದು ಗಾಡಿಯನ್ನು ಮಿಷನ್‌ನಿಂದ ದೂರ, ಬೇವಿನ ಮರದಡಿ ನಿಲ್ಲಿಸತೊಡಗಿದೆ. ಕಷ್ಟದ ಪದಗಳನ್ನು ಮೊದಲು ಬಾಯೊಳಗೇ ಹೊರಳಿಸಿ, ಆಮೇಲೆ ಓದುತ್ತಿದ್ದೆ. ಆದರೂ ದೂರು ತಪ್ಪಲಿಲ್ಲ.

“ಇವತ್ತು ಒಂದು ಸಾಲು ನುಂಗಿದ್ರಿ. ಅಜ್ಜಿಗೆ ಗೊತ್ತಾಯ್ತು.”

“ಚಾ ಬಂದಿತ್ತು ಅಂತ ಹೇಳ್ರಿ ಅಜ್ಜಿಗೆ.”

“ಸೊರ್ ಅಂತ ಕುಡಿದಿದ್ದೂ ಗೊತ್ತಾಯ್ತು.”

ಬೆಳಿಗ್ಗೆ ಎದ್ದರೆ ಎದುರಿಗೆ ಸಿಕ್ಕವರ ಮೇಲೆ ಹಾಯುತ್ತಿದ್ದವನು ಕ್ಯಾಬಿನ್‌ನಲ್ಲಿ ಒಬ್ಬನೇ ನಗುತ್ತಿದ್ದೆ. ಬರುಬರುತ್ತಾ ಓದದೆ ಗಾಡಿ ಸ್ಟಾರ್ಟ್ ಮಾಡಿದರೆ ಮುಖ ತೊಳೆಯದೆ ಹೊರಟಂತೆ ಅನಿಸುತ್ತಿತ್ತು.

ಒಂದು ದಿನದ ಅಧ್ಯಾಯ ಬರೀ ಹೆಸರುಗಳದ್ದು. ಅಪ್ಪ, ಮಗ, ಮೊಮ್ಮಗ, ಮುಗಿಯುವುದೇ ಇಲ್ಲ. ಒಂದೊಂದೂ ಬಾಯಿಗೆ ಸಿಕ್ಕದ ಹೆಸರು. ಬೆವರು ಸುರಿಸಿಕೊಂಡು ಎಲ್ಲವನ್ನೂ ಓದಿ ಕಳಿಸಿದೆ. ಮಧ್ಯಾಹ್ನ ತಳಕು ಊರನ್ನು ದಾಟುವಾಗ ನಿರ್ಮಲಾಳ ಫೋನ್ ಬಂತು. ಅವಳು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಿಂದೆ ಗಿರಾಕಿಗಳ ಚೌಕಾಸಿ ಕೇಳಿಸುತ್ತಿತ್ತು. ಗಾಡಿ ಬದಿಗೆ ಹಾಕಿದೆ.

“ಆ ಹೆಸರುಗಳನ್ನ ಎಲ್ಲರೂ ಬಿಟ್ಟು ಮುಂದಕ್ಕೆ ಹೋಗ್ತಾರೆ. ನೀವ್ಯಾಕೆ ಅಷ್ಟೂ ಓದಿದ್ರಿ?”

“ಅವ್ರೂ ಯಾರದೋ ಮನೆ ಮಕ್ಕಳೇ ಅಲ್ವಾ? ಬಿಡಾಕೆ ನಾನ್ಯಾರು?”

 

“ಇಡ್ತೀನಿ,” ಅಂದಳು. ಇಡಲಿಲ್ಲ. ನಾನೂ ಇಡಲಿಲ್ಲ.

ನಾನು ತೇಲಾಡುತ್ತಿದ್ದ ಆ ವಾರವೇ ಅವ್ವ ರೊಟ್ಟಿ ತಟ್ಟುತ್ತಾ ಹೇಳಿದಳು: “ಭಾನುವಾರ ನಿರ್ಮಲಾನ್ನ ನೋಡಾಕೆ ಗುಂತಕಲ್ಲಿಂದ ಗಂಡಿನೋರು ಬರ್ತಾರಂತೆ. ಗೌರ್ಮೆಂಟ್ ಕೆಲಸ ಐತಂತೆ.”

ಸೋಮವಾರ ಬೇವಿನಡಿ ಮೊಬೈಲ್ ಒತ್ತಿದೆ. ಓದುವ ಮೊದಲೇ ಬೆರಳು ತೆಗೆದೆ. ಯಾರಿಗಾಗಿ ಓದುತ್ತಿದ್ದೆನೆಂದು ಆಗ ತಿಳಿಯಿತು. ಕಳ್ಳ ಗುರುತಿನವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ. ಅವರದು ಸಣ್ಣ ಕಳ್ಳತನ. ನಾನು ದೇವರಿಗೆ ಸೇರಬೇಕಾದ ಅಧ್ಯಾಯಕ್ಕೆ ಅಧ್ಯಾಯವನ್ನೇ ಕದ್ದು ಅವಳಿಗೆ ಕೊಟ್ಟಿದ್ದೆ. ನಾಚಿಕೆಯಾಯಿತು. ಪುಸ್ತಕ ಮುಚ್ಚಿಟ್ಟೆ. ಆ ವಾರ ಬೋರಣ್ಣನ ಜೊತೆ ದಿನಾ ಜಗಳ.

ವಾರ ಮುಗಿಯುವ ಮೊದಲೇ ಅವಳು ಮಿಲ್ಲಿನ ಗೇಟಿನಲ್ಲಿ ನಿಂತಿದ್ದಳು. ಬಸ್ಸಿನ ಕಿಟಕಿಯ ಗಾಳಿಗೆ ಜಡೆ ಕೆದರಿ, ಮುಂಗೂದಲು ಹಣೆಗೆ ಅಂಟಿತ್ತು. ಅದನ್ನು ಸರಿಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಸೀದಾ ಬೇವಿನ ಮರದಡಿಗೇ ಬಂದಳು.

“ಯಾಕೆ ನಿಲ್ಲಿಸಿದ್ರಿ?”

“ಅಜ್ಜಿಗೆ ಬೇರೆ ಯಾರಾದ್ರೂ ಓದ್ಲಿ.”

“ಅಜ್ಜಿ ಮೊದಲ್ನೇ ವಚನಕ್ಕೇ ಗೊರಕೆ ಹೊಡೀತಾರೆ. ಕೇಳೋದು ನಾನು.” ಕಣ್ಣು ತಗ್ಗಿಸಿದಳು. “ಗುರುತು ಹಾಕಿ ಪುಸ್ತಕಾನೇ ಮುಟ್ಟದೆ ಇದ್ದೋಳು ನಾನು. ನಿಮ್ಮ ದನಿ ಬಂದ್ಮೇಲೆ ಪುಸ್ತಕ ಬಿಚ್ಕಂಡು ಬೆರಳಿಟ್ಟು ನಿಮ್ ಜೊತೆ ಹೋಗ್ತಿದ್ದೆ. ಈಗ ಅರ್ಧ ದಾರೀಲಿ ಇಳಿಸಿ ಹೋದ್ರಿ.”

“ನಿರ್ಮಲಾ, ನಾನು ದೇವರಿಗೆ ಓದ್ತಿರಲಿಲ್ಲ. ನಿಮಗೆ ಓದ್ತಿದ್ದೆ.”

“ಗೊತ್ತು.”

“ಅದು ಮೋಸ ಅಲ್ವಾ?”

“ಆತನಿಗೆ ಗೊತ್ತಿರಲ್ವಾ? ಬೇಜಾರಾಗಿದ್ರೆ ಅವತ್ತೇ ನಿಮ್ ಗಾಡಿ ಪಂಚರ್ ಮಾಡಿರೋನು.”

ನಗಬಾರದೆಂದು ತುಟಿ ಕಚ್ಚಿದೆ. ಆಗಲಿಲ್ಲ. “ಗುಂತಕಲ್ಲಿನೋರು ಏನಂದ್ರು?”

“ದಿನಾ ಬೈಬಲ್ ಓದ್ತೀರಾ ಅಂದೆ. ತಪ್ಪದೆ ಅಂದ್ರು. ನಿನ್ನೆ ಏನು ಓದಿದ್ರಿ ಅಂದೆ. ಕುಡಿಯಾಕೆ ನೀರು ಕೇಳಿದ್ರು.”

ಕ್ಯಾಬಿನ್‌ನ ಆ ಕಡೆಯ ಸೀಟಿನ ಮೇಲಿದ್ದ ಹಿಂಡಿ ಪುಡಿಯನ್ನು ಒರೆಸಿ ಕೊಟ್ಟೆ. ಕೂತಳು. ನಾನು ನಿಲ್ಲಿಸಿದ್ದ ಅಧ್ಯಾಯವನ್ನು ಅವಳೇ ತೆಗೆದಳು. ಓದಿದೆ. ಅವಳ ಬೆರಳು ಸಾಲಿನ ಕೆಳಗೆ ನನ್ನ ಜೊತೆ ನಡೆಯಿತು. ಒಂದು ಪದಕ್ಕೆ ನಾಲಿಗೆ ಸಿಕ್ಕಿಬಿತ್ತು. ಅವಳು ಹೇಳಿಕೊಡಲಿಲ್ಲ. ಬೆರಳನ್ನು ಅಲ್ಲೇ ನಿಲ್ಲಿಸಿ, ನನ್ನ ಮುಖ ನೋಡುತ್ತಾ ಕಾದಳು. ಯಾರೂ ನನಗಾಗಿ ಹಾಗೆ ಕಾದಿರಲಿಲ್ಲ. ಪದ ಬಂತು. ಅಧ್ಯಾಯ ಮುಗಿಯಿತು. ಈ ಸಲ ಯಾರಿಗೂ ಕಳಿಸಲಿಲ್ಲ. ಕೇಳಬೇಕಾದವರು ಕೇಳಿಸಿಕೊಂಡಿದ್ದರು, ಒಬ್ಬಳು ಪಕ್ಕದಲ್ಲಿ, ಒಬ್ಬನು ಮೇಲೆ.

ಅವಳು ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

“ಗುಂತಕಲ್ಲಿನೋರು ಬೇಡ ಅಂತ ಅಪ್ಪಂಗೆ ಹೇಳಿದೀನಿ. ಅಪ್ಪನೂ ನನ್ನ ಜೊತೆ ಬಂದವ್ರೆ. ಬಸ್ ಸ್ಟ್ಯಾಂಡ್ ಹೋಟೆಲ್‌ನಾಗೆ ಕೂತವ್ರೆ. ಬಂದು ಮಾತಾಡ್ತೀರಾ, ಇಲ್ಲಾ ಅವ್ರಿಗೂ ವಾಯ್ಸ್ ಕಳಿಸ್ತೀರಾ?”

ಗಾಡಿಯಿಂದ ಇಳಿದೆ. ಅಂಗಿಯ ಧೂಳು ಕೊಡವಿದೆ.

“ಲೇ ಜಯಪಾಲ, ಲೋಡು ರೆಡಿ ಐತೆ, ಎಲ್ಲಿಗ್ಲೇ ಹೊಂಟೆ?” ಬೋರಣ್ಣ ಕೂಗಿದ.

ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ.